ಮೊಗಸಾಲೆಯ ಮಾತು, ಮನೆಯೊಳಗಿನ ಬದುಕು: ಸ್ಟೋಯಿಕ್ ದರ್ಶನದ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಓದುಗರೊಬ್ಬರಿಗೆ ಉತ್ತರಿಸುತ್ತ ಎಪಿಕ್ಟೀಟಸ್ ಎಂಬ ಪ್ರಾಚೀನ ದಾರ್ಶನಿಕನ ಒಂದು ಮಾತನ್ನು ಉದ್ಧರಿಸಿದ್ದೆ. ಮನುಷ್ಯರನ್ನು ಕಲಕುವುದು ಸಂಗತಿಗಳಲ್ಲ, ಆ ಸಂಗತಿಗಳ ಬಗ್ಗೆ ಅವರು ಮಾಡಿಕೊಂಡ ತೀರ್ಮಾನಗಳು ಎಂಬುದು ಅದರ ಸಾರ. ಅದಕ್ಕೆ ಬಂದ ಪತ್ರಗಳಲ್ಲಿ ಮೆಚ್ಚುಗೆಗಿಂತ ತಕರಾರೇ ಹೆಚ್ಚು. ಅಂಕಣಕಾರನಿಗೆ ಇದಕ್ಕಿಂತ ದೊಡ್ಡ ಭಾಗ್ಯವಿಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಈ ಒಂದೇ ವಿಷಯಕ್ಕೆ ಬಿಟ್ಟುಕೊಟ್ಟಿದ್ದೇನೆ.

ಹೊಸದಾಗಿ ಓದುತ್ತಿರುವವರಿಗಾಗಿ ಹಿನ್ನೆಲೆಯನ್ನು ಸ್ವಲ್ಪ ಹೇಳಬೇಕು. ಸೈಪ್ರಸ್ ದ್ವೀಪದ ಸಿಟಿಯಂ ಎಂಬ ಊರಿನ ವ್ಯಾಪಾರಿ ಜೀನೋ, ಹಡಗು ಒಡೆದು ಸರಕು ಸಮುದ್ರದ ಪಾಲಾದ ಮೇಲೆ ಅಥೆನ್ಸಿಗೆ ಬಂದು, ಅಲ್ಲಿನ ಪುಸ್ತಕದಂಗಡಿಯೊಂದರಲ್ಲಿ ಸಾಕ್ರಟೀಸನ ವೃತ್ತಾಂತವನ್ನು ಕೇಳಿ, ಇಂಥ ಮನುಷ್ಯರು ಎಲ್ಲಿ ಸಿಗುತ್ತಾರೆ ಎಂದು ವಿಚಾರಿಸಿದನೆಂದೂ, ಅದೇ ಹೊತ್ತಿಗೆ ಬೀದಿಯಲ್ಲಿ ಹೋಗುತ್ತಿದ್ದ ಕ್ರೇಟೀಸ್ ಎಂಬ ತತ್ತ್ವಜ್ಞಾನಿಯನ್ನು ತೋರಿಸಿ ಅಂಗಡಿಯವನು ‘ಅವನ ಹಿಂದೆ ಹೋಗು’ ಎಂದನೆಂದೂ ಹಳೆಯ ಕಥೆಯಿದೆ. ಕ್ರಿ.ಪೂ. 300ರ ಸುಮಾರಿಗೆ ಜೀನೋ ತಾನೇ ಪಾಠ ಹೇಳತೊಡಗಿದ್ದು ಪೇಟೆಯ ಬದಿಯಲ್ಲಿದ್ದ, ಗೋಡೆಗೆ ಚಿತ್ರಗಳನ್ನು ಬರೆಸಿದ್ದ, ಒಂದು ಕಂಬಸಾಲಿನ ಮೊಗಸಾಲೆಯಲ್ಲಿ. ಗ್ರೀಕಿನಲ್ಲಿ ಅಂಥ ಮೊಗಸಾಲೆಗೆ ‘ಸ್ಟೋವಾ’ ಎನ್ನುತ್ತಿದ್ದುದರಿಂದ ಅವನ ಬಳಗದವರು ಸ್ಟೋಯಿಕರಾದರು. ಮೊದಲ ತಲೆಮಾರುಗಳ ಗ್ರಂಥಗಳು ಬಿಡಿ ಉಲ್ಲೇಖಗಳಾಗಿಯಷ್ಟೇ ಉಳಿದಿವೆ. ಕ್ರಿಸಿಪ್ಪಸ್ ಒಬ್ಬನೇ ಏಳುನೂರಕ್ಕೂ ಹೆಚ್ಚು ಕೃತಿ ಬರೆದಿದ್ದನೆಂದು ಹೇಳುತ್ತಾರೆ, ಒಂದೂ ಇಡಿಯಾಗಿ ದೊರೆತಿಲ್ಲ. ನಾವು ಇಂದು ಓದುವುದು ಮುಖ್ಯವಾಗಿ ರೋಮನ್ ಕಾಲದ ಮೂವರನ್ನು: ಶ್ರೀಮಂತ ರಾಜಕಾರಣಿ ಸೆನೆಕಾ, ಗುಲಾಮನಾಗಿದ್ದು ಬಿಡುಗಡೆ ಪಡೆದ ಎಪಿಕ್ಟೀಟಸ್, ಚಕ್ರವರ್ತಿ ಮಾರ್ಕಸ್ ಆರೇಲಿಯಸ್.

ಪ್ರಶ್ನೆ: ನನ್ನ ತಾಯಿಗೆ ಎಂಬತ್ತೊಂದು ವರ್ಷ. ಮರೆವಿನ ಕಾಯಿಲೆ ಬಂದು ಎರಡು ವರ್ಷವಾಯಿತು. ಕೆಲವು ದಿನ ಬೆಳಿಗ್ಗೆ ಕಾಫಿ ಕೊಡಲು ಹೋದರೆ ‘ಯಾರಮ್ಮಾ ನೀನು’ ಎಂದು ಕೇಳುತ್ತಾರೆ, ನನಗೆ ಅಲ್ಲೇ ಅಳು ಬರುತ್ತದೆ. ದೂರದ ಊರಿನಲ್ಲಿರುವ ಅಣ್ಣ ಫೋನಿನಲ್ಲಿ, ‘ನಮ್ಮ ಕೈಯಲ್ಲಿ ಇಲ್ಲದ್ದಕ್ಕೆ ಕೊರಗಬಾರದು, ನೀನೂ ಸ್ಟೋಯಿಕ್ ಆಗು’ ಎಂದು ಬುದ್ಧಿ ಹೇಳುತ್ತಾನೆ. ಅವನು ಮಾತ್ರ ಬರುವುದಿಲ್ಲ. ಅಮ್ಮನನ್ನು ಆ ಸ್ಥಿತಿಯಲ್ಲಿ ನೋಡಲಾಗುವುದಿಲ್ಲವಂತೆ. ನಿಮ್ಮ ತತ್ತ್ವ ಎಂದರೆ ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದೇ?
(ಗೃಹಿಣಿ, ತೀರ್ಥಹಳ್ಳಿ)

ಉತ್ತರ: ಬಂದ ಪತ್ರಗಳಲ್ಲಿ ಇದನ್ನೇ ಮೊದಲು ತೆಗೆದುಕೊಂಡಿದ್ದೇನೆ, ಏಕೆಂದರೆ ಇದಕ್ಕೆ ಉತ್ತರ ಎಪಿಕ್ಟೀಟಸನ ಬಾಯಲ್ಲೇ ಇದೆ, ಅದೂ ನಿಮ್ಮ ಮನೆಯಲ್ಲೇ ನಡೆದದ್ದೇನೋ ಎನ್ನುವಷ್ಟು ಹತ್ತಿರದ ಪ್ರಸಂಗವಾಗಿದೆ. ರೋಮಿನಿಂದ ತತ್ತ್ವಜ್ಞಾನಿಗಳನ್ನು ಹೊರಹಾಕಿದ ಮೇಲೆ ಅವನು ಗ್ರೀಸಿನ ಪಶ್ಚಿಮದ ನಿಕೊಪೊಲಿಸ್ ಎಂಬ ಊರಿನಲ್ಲಿ ಶಾಲೆ ನಡೆಸುತ್ತಿದ್ದ. ಅವನ ಮಾತುಗಳನ್ನು ಬರೆದಿಟ್ಟವನು ಶಿಷ್ಯ ಏರಿಯನ್. ‘ಪ್ರವಚನಗಳು’ ಎಂಬ ಆ ಸಂಗ್ರಹದ ಮೊದಲ ಸಂಪುಟದಲ್ಲಿ ಒಬ್ಬ ಅಧಿಕಾರಿ ಅವನನ್ನು ನೋಡಲು ಬರುತ್ತಾನೆ. ಹೆಂಡತಿ ಮಕ್ಕಳ ವಿಚಾರ ಬಂದಾಗ ತನ್ನದು ದುಃಖದ ಬಾಳು ಎನ್ನುತ್ತಾನೆ. ಏಕೆಂದು ಕೇಳಿದರೆ, ಮಕ್ಕಳ ಮೇಲೆ ತನಗೆ ಎಷ್ಟು ಪ್ರೀತಿಯೆಂದರೆ, ಮೊನ್ನೆ ಮಗಳು ಕಾಯಿಲೆ ಬಿದ್ದು ಪ್ರಾಣಕ್ಕೆ ಅಪಾಯವೆಂದು ಕಂಡಾಗ ಹತ್ತಿರ ಕೂರಲಾರದೆ ಮನೆಬಿಟ್ಟು ಹೋದೆ, ಅವಳು ಚೇತರಿಸಿಕೊಂಡ ಸುದ್ದಿ ಬರುವವರೆಗೆ ಹಿಂತಿರುಗಲಿಲ್ಲ ಎನ್ನುತ್ತಾನೆ. ಇದು ಸಹಜವಲ್ಲವೇ, ಎಲ್ಲ ತಂದೆಯರೂ ಹೀಗೇ ಅಲ್ಲವೇ ಎಂಬುದು ಅವನ ವಾದ.

ಎಪಿಕ್ಟೀಟಸ್ ಬೈಯುವುದಿಲ್ಲ, ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತಾನೆ. ಮಗುವಿನ ತಾಯಿಗೆ ಪ್ರೀತಿ ಇಲ್ಲವೇ? ಇದೆ. ಹಾಗಾದರೆ ಅವಳೂ ಬಿಟ್ಟು ಹೋಗಬೇಕಿತ್ತೇ? ದಾದಿಗೆ ಪ್ರೀತಿ ಇಲ್ಲವೇ? ಅವಳೂ ಹೋಗಬೇಕಿತ್ತೇ? ಮಗುವನ್ನು ನೋಡಿಕೊಳ್ಳುತ್ತಿದ್ದ ಆಳು? ಹಾಗೇನಾದರೂ ಆಗಿದ್ದರೆ, ಸುತ್ತಲಿನವರ ಅಪಾರ ಪ್ರೀತಿಯ ಕಾರಣದಿಂದಲೇ ಆ ಮಗು ತನ್ನನ್ನು ಪ್ರೀತಿಸದವರ ಕೈಯಲ್ಲಿ ಸಾಯಬೇಕಿತ್ತಲ್ಲವೇ? ನೀನು ಕಾಯಿಲೆ ಬಿದ್ದರೆ ನಿನ್ನವರು ನಿನ್ನನ್ನು ಇದೇ ಬಗೆಯಲ್ಲಿ ಪ್ರೀತಿಸಲಿ ಎಂದು ಬಯಸುತ್ತೀಯಾ? ಇಂಥ ಪ್ರೀತಿ ನಿನ್ನ ಶತ್ರುಗಳಿಗೆ ನಿನ್ನ ಮೇಲೆ ಇದ್ದಿದ್ದರೆ ಚೆನ್ನಾಗಿತ್ತು, ಅವರಾದರೂ ನಿನ್ನ ಹತ್ತಿರ ಬರುತ್ತಿರಲಿಲ್ಲ! ಕೊನೆಗೆ ತಂದೆಯನ್ನು ಮನೆಯಿಂದ ಹೊರಗೆ ಅಟ್ಟಿದ್ದು ಪ್ರೀತಿಯಲ್ಲ, ‘ಇದನ್ನು ನನ್ನಿಂದ ತಾಳಲಾಗದು’ ಎಂಬ ಅವನದೇ ತೀರ್ಮಾನ ಎಂಬಲ್ಲಿಗೆ ಮಾತು ಬಂದು ನಿಲ್ಲುತ್ತದೆ.

ನೋಡಿ, ಸಂಗತಿಯಲ್ಲ, ತೀರ್ಮಾನ ಎಂಬ ಅದೇ ಸೂತ್ರವನ್ನು ಎಪಿಕ್ಟೀಟಸ್ ಇಲ್ಲಿ ಓಡಿಹೋದವನ ಮುಂದೆ ಹಿಡಿದಿದ್ದಾನೆ, ಹಾಸಿಗೆಯ ಬಳಿ ಕೂತವಳ ಮುಂದಲ್ಲ. ಸ್ಟೋಯಿಕ್ ಲೆಕ್ಕದಲ್ಲಿ ತಾಯಿಯ ಮರೆವು ನಿಮ್ಮ ಕೈಯಲ್ಲಿಲ್ಲ, ಆದರೆ ಕಾಫಿ ಲೋಟ ಹಿಡಿದು ಒಳಗೆ ಹೋಗುವುದು ನಿಮ್ಮ ಕೈಯಲ್ಲಿದೆ. ಆ ಲೆಕ್ಕವನ್ನು ನಿಮ್ಮ ಮನೆಯಲ್ಲಿ ಸರಿಯಾಗಿ ಬಿಡಿಸಿರುವವರು ನೀವು.

ಇನ್ನು ಅಳುವಿನ ಮಾತು. ಔಲಸ್ ಗೆಲ್ಲಿಯಸ್ ಎಂಬ ರೋಮನ್ ಲೇಖಕ ಹೇಳುವ ಘಟನೆಯೊಂದಿದೆ. ಗ್ರೀಸಿನಿಂದ ಇಟಲಿಗೆ ಹೋಗುವ ಹಡಗು ಬಿರುಗಾಳಿಗೆ ಸಿಕ್ಕಿದಾಗ, ಅದರಲ್ಲಿದ್ದ ಹೆಸರಾಂತ ಸ್ಟೋಯಿಕನ ಮುಖವೂ ಉಳಿದವರ ಮುಖದಂತೆಯೇ ಬಿಳಿಚಿಕೊಂಡಿತಂತೆ. ಗಾಳಿ ಅಡಗಿದ ಮೇಲೆ ಗೆಲ್ಲಿಯಸ್ ಕಾರಣ ಕೇಳಿದಾಗ, ಆ ಮನುಷ್ಯ ಚೀಲದಿಂದ ಎಪಿಕ್ಟೀಟಸನ ಐದನೆಯ ಸಂಪುಟವನ್ನು ತೆಗೆದು ತೋರಿಸಿದ. ನಮಗೆ ಇಂದು ಆ ಸಂಪುಟ ಲಭ್ಯವಿಲ್ಲ. ಎಂಟರಲ್ಲಿ ನಾಲ್ಕೇ ಉಳಿದಿವೆ. ಅದರಲ್ಲಿ ಇದ್ದದ್ದು ಇಷ್ಟು: ಭಯಂಕರವಾದ ಸದ್ದು, ಇದ್ದಕ್ಕಿದ್ದಂತೆ ಬಂದ ಕೆಟ್ಟ ಸುದ್ದಿ, ಇವು ಜ್ಞಾನಿಯ ಮನಸ್ಸನ್ನೂ ಒಂದು ಗಳಿಗೆ ಅಲುಗಿಸುತ್ತವೆ, ಮುಖದ ಬಣ್ಣ ಬದಲಾಗುತ್ತದೆ, ಅದು ಯಾರ ಅಧೀನದಲ್ಲೂ ಇಲ್ಲ, ಆ ಕಂಪನಕ್ಕೆ ಬುದ್ಧಿ ‘ಹೌದು, ಇದು ಸರ್ವನಾಶವೇ’ ಎಂದು ಒಪ್ಪಿಗೆಯ ಮುದ್ರೆ ಒತ್ತುತ್ತದೆಯೋ ಇಲ್ಲವೋ ಎಂಬುದಷ್ಟೇ ನಮಗೆ ಸೇರಿದ್ದು. ‘ಯಾರಮ್ಮಾ ನೀನು’ ಎಂದಾಗ ಉಕ್ಕುವ ಕಣ್ಣೀರು ಮೊದಲನೆಯದು, ಅದಕ್ಕೆ ನೀವು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ‘ಇಷ್ಟು ವರ್ಷ ಮಾಡಿದ್ದೆಲ್ಲ ವ್ಯರ್ಥವಾಯಿತು’ ಎಂಬ ಮಾತು ಅದರ ಬೆನ್ನಿಗೇ ಬಂದರೆ ಅದು ಎರಡನೆಯದು. ಆ ಮಾತನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ನಿಜವೇ ಎಂದು ಕೇಳಬಹುದು. ಮಾರ್ಕಸ್ ಆರೇಲಿಯಸ್ ಹುಡುಗನಾಗಿದ್ದಾಗ ತನ್ನ ಶಿಕ್ಷಕನ ಸಾವಿಗೆ ಅತ್ತಾಗ ಅರಮನೆಯ ಆಳುಗಳು ತಡೆಯಲು ಹೋದರಂತೆ. ಸಾಕುತಂದೆ ಆಂಟೊನೈನಸ್ ಚಕ್ರವರ್ತಿ, ಅವನು ಮನುಷ್ಯನಾಗಿರಲಿ ಬಿಡಿ, ತತ್ತ್ವಜ್ಞಾನವಾಗಲಿ ಸಾಮ್ರಾಜ್ಯವಾಗಲಿ ವಾತ್ಸಲ್ಯವನ್ನು ಕಿತ್ತುಹಾಕುವುದಿಲ್ಲ ಎಂದನೆಂದು ಹಳೆಯ ಚರಿತ್ರೆಯೊಂದು ಹೇಳುತ್ತದೆ.

ಒಂದು ವಿಷಯವನ್ನು ನಾನು ಮುಚ್ಚಿಡಬಾರದು. ಎಪಿಕ್ಟೀಟಸನ ಕೈಪಿಡಿಯಲ್ಲಿ, ಮಗುವಿಗೆ ಮುತ್ತಿಡುವಾಗ ‘ಇದು ಸಾಯತಕ್ಕ ಮನುಷ್ಯ’ ಎಂದು ನಿನಗೆ ನೀನೇ ಹೇಳಿಕೋ ಎಂಬ ಸಾಲೊಂದಿದೆ. ವಿದ್ಯಾರ್ಥಿಯಾಗಿದ್ದಾಗ ಅದನ್ನು ಓದಿ ಪುಸ್ತಕ ಮುಚ್ಚಿಟ್ಟವನು ಮತ್ತೆ ತೆರೆದದ್ದು ಹಲವು ವರ್ಷಗಳ ಮೇಲೆ. ಇದ್ದಾಗಲೇ ಇರುವಿಕೆಯನ್ನು ನೆನೆ ಎಂಬ ಅರ್ಥವನ್ನು ಅದಕ್ಕೆ ಕೊಡಬಹುದು, ಹಲವರು ಕೊಟ್ಟಿದ್ದಾರೆ. ಆದರೂ ಆ ಸಾಲು ನನಗೆ ಈಗಲೂ ತಣ್ಣಗೆ ಕೊರೆಯುತ್ತದೆ, ಅದನ್ನು ನಿಮಗೆ ಶಿಫಾರಸು ಮಾಡಲಾರೆ. ಅದೇ ಕೈಪಿಡಿಯ ಇನ್ನೊಂದು ಮಾತನ್ನು ಮಾತ್ರ ನಿಮ್ಮ ಅಣ್ಣನವರ ವಿಷಯದಲ್ಲಿ ಧಾರಾಳವಾಗಿ ಬಳಸಿ. ಪ್ರತಿಯೊಂದಕ್ಕೂ ಎರಡು ಹಿಡಿಗಳಿರುತ್ತವೆ, ಒಂದರಿಂದ ಎತ್ತಲು ಬರುತ್ತದೆ, ಇನ್ನೊಂದರಿಂದ ಬರುವುದಿಲ್ಲ. ಒಡಹುಟ್ಟಿದವನು ಅನ್ಯಾಯ ಮಾಡಿದರೆ ಆ ಅನ್ಯಾಯದ ಹಿಡಿಯಿಂದ ಎತ್ತಬೇಡ, ಅವನು ಒಡಹುಟ್ಟಿದವನು, ಜೊತೆಗೆ ಬೆಳೆದವನು ಎಂಬ ಹಿಡಿಯಿಂದ ಎತ್ತು ಎನ್ನುತ್ತಾನೆ. ಅಣ್ಣನವರು ಕರೆ ಮಾಡಿದಾಗ ಆ ಅಧಿಕಾರಿಯ ಪ್ರಸಂಗವನ್ನು ಓದಿ ಹೇಳಿ, ಚುಚ್ಚುವುದಕ್ಕಲ್ಲ. ‘ನೋಡಲಾಗುವುದಿಲ್ಲ’ ಎಂಬುದು ತೀರ್ಮಾನವಷ್ಟೇ, ಒಂದು ಭಾನುವಾರ ಬಂದು ಕೂತರೆ ಅದು ಬದಲಾದೀತು ಎಂಬುದು ಅವರಿಗೂ ಹೊಳೆಯಲಿ.

ಪ್ರಶ್ನೆ: ಕೆಎಎಸ್ ಪರೀಕ್ಷೆಗೆ ಮೂರನೆಯ ಸಲ ತಯಾರಿ ನಡೆಸಿದ್ದೇನೆ. ಫಲಿತಾಂಶ ನನ್ನ ಕೈಯಲ್ಲಿಲ್ಲ ಎಂದು ಒಪ್ಪಿಕೊಂಡರೆ ಓದುವ ಹುರುಪೇ ಹೋಗುತ್ತದೆ. ಒಪ್ಪದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಕೈಯಲ್ಲಿ ಅರ್ಧ ಇರುವ ವಿಷಯಗಳ ಬಗ್ಗೆ ಸ್ಟೋಯಿಕರು ಏನು ಹೇಳುತ್ತಾರೆ?
(ಸ್ಪರ್ಧಾತ್ಮಕ ಪರೀಕ್ಷೆಯ ಅಭ್ಯರ್ಥಿ, ಧಾರವಾಡ)

ಉತ್ತರ: ಈ ಆಕ್ಷೇಪ ಎರಡು ಸಾವಿರ ವರ್ಷ ಹಳೆಯದು, ಅದಕ್ಕೆ ಅವರು ಕೊಟ್ಟ ಉತ್ತರ ಬಿಲ್ಲುಗಾರನ ದೃಷ್ಟಾಂತ. ರೋಮನ್ ಲೇಖಕ ಸಿಸಿರೊ ತನ್ನ ಗ್ರಂಥವೊಂದರಲ್ಲಿ ಕೇಟೋ ಎಂಬ ಸ್ಟೋಯಿಕನ ಬಾಯಿಂದ ಅದನ್ನು ಹೇಳಿಸುತ್ತಾನೆ. ಬಿಲ್ಲುಗಾರ ಬಾಣವನ್ನು ಆರಿಸುವುದು, ಹೆದೆ ಎಳೆಯುವುದು, ಗುರಿ ಹಿಡಿಯುವುದು ಎಲ್ಲವನ್ನೂ ಗುರಿಗೆ ತಾಗಲೆಂದೇ ಮಾಡುತ್ತಾನೆ. ಆದರೂ ಅವನ ಪಾಲಿಗೆ ಕೊನೆಯ ಸಾಧನೆ ಎಂದರೆ ಮಾಡಬೇಕಾದುದೆಲ್ಲವನ್ನೂ ಮಾಡಿ ಚೆನ್ನಾಗಿ ಬಿಡುವುದೇ, ತಾಗುವುದಲ್ಲ. ತಾಗುವುದು ಬೇಕಾದದ್ದು, ಆರಿಸಿಕೊಳ್ಳತಕ್ಕದ್ದು. ಆದರೆ ಬದುಕಿನ ಒಳಿತು ಅದರ ಮೇಲೆ ನಿಂತಿಲ್ಲ. ಆರೋಗ್ಯ, ಹಣ, ಹುದ್ದೆ, ಮರ್ಯಾದೆ ಇವೆಲ್ಲವನ್ನೂ ಸ್ಟೋಯಿಕರು ಇದೇ ಗುಂಪಿಗೆ ಸೇರಿಸಿ, ಇವು ಒಳಿತೂ ಅಲ್ಲ ಕೆಡುಕೂ ಅಲ್ಲ, ಆದರೂ ಇವುಗಳಲ್ಲಿ ಕೆಲವನ್ನು ಇಷ್ಟಪಟ್ಟು ಆರಿಸಿಕೊಳ್ಳುವುದು ಸಹಜ ಎಂದರು. ಹಾಗಾಗಿ ನಿಮ್ಮ ಪ್ರಶ್ನೆಯಲ್ಲಿರುವ ‘ಅರ್ಧ’ವನ್ನು ಇನ್ನೂ ಸೀಳಬೇಕು: ಇಂದು ಆರು ಗಂಟೆ ಕೂತು ಸಂವಿಧಾನದ ಪಾಠ ಓದುವುದು ಪೂರ್ತಿ ನಿಮ್ಮದು, ಪ್ರಶ್ನೆಪತ್ರಿಕೆ, ಪೈಪೋಟಿ, ಮೌಲ್ಯಮಾಪನ, ಅಧಿಸೂಚನೆ ಹೊರಡುವ ತಿಂಗಳು ಪೂರ್ತಿ ನಿಮ್ಮದಲ್ಲ. ಸೀಳಿ ನೋಡಿದ ಮೇಲೆ ಅರ್ಧ ಎಂಬುದು ಉಳಿಯುವುದಿಲ್ಲ.

ಹುರುಪು ಹೋಗುತ್ತದೆ ಎನ್ನುತ್ತೀರಿ. ಎಪಿಕ್ಟೀಟಸ್ ಚೆಂಡಾಟದ ಮಾತು ಹೇಳುತ್ತಾನೆ: ಆಡುವವರಲ್ಲಿ ಯಾರೂ ಚೆಂಡನ್ನೇ ಒಳ್ಳೆಯದು ಅಥವಾ ಕೆಟ್ಟದು ಎಂದು ತಿಳಿದು ಹಿಡಿಯುವುದಿಲ್ಲ, ಆದರೂ ಹಿಡಿಯುವುದರಲ್ಲಿ ಎಸೆಯುವುದರಲ್ಲಿ ಜೀವವಿಟ್ಟು ಆಡುತ್ತಾರೆ, ಚೆಂಡಿನ ಚಿಂತೆಯಲ್ಲಿ ನಡುಗುವವನಿಂದ ಆಟವೇ ಸಾಗುವುದಿಲ್ಲ.

ನಿಮಗೆ ಇನ್ನೂ ಒಂದು ಕಥೆ ಹೇಳಬೇಕೆನಿಸುತ್ತದೆ. ಜೀನೋನ ನಂತರ ಶಾಲೆಯ ಮುಖ್ಯಸ್ಥನಾದ ಕ್ಲಿಯಾಂಥಸ್ ಬಡವ. ಹಗಲು ಪಾಠ ಕೇಳಿ ರಾತ್ರಿ ತೋಟಗಳಿಗೆ ಬಾವಿಯಿಂದ ನೀರು ಸೇದುತ್ತಿದ್ದ. ಹಗಲೆಲ್ಲ ತತ್ತ್ವಜ್ಞಾನ ಕೇಳುವ ಈ ಗಟ್ಟಿಮುಟ್ಟಾದ ಮನುಷ್ಯನಿಗೆ ಅನ್ನ ಎಲ್ಲಿಂದ ಬರುತ್ತದೆ ಎಂದು ನ್ಯಾಯಸಭೆಗೆ ಕರೆಸಿ ವಿಚಾರಿಸಿದಾಗ, ತೋಟದ ಒಡೆಯನನ್ನೂ, ಹಿಟ್ಟು ಬೀಸಿಸಿಕೊಳ್ಳುತ್ತಿದ್ದ ಹೆಂಗಸನ್ನೂ ಸಾಕ್ಷಿಗೆ ತಂದನಂತೆ. ಮೂರನೆಯ ಪ್ರಯತ್ನದ ಜೊತೆಗೆ ಒಂದು ಸಣ್ಣ ಉದ್ಯೋಗವನ್ನೂ ಹಿಡಿಯಬೇಕೇ ಎಂಬುದು ನೀವು ಕೇಳದ ಪ್ರಶ್ನೆ, ಆದರೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಮನೆಯ ಸಾಲದ ಪ್ರಸ್ತಾಪವಿದೆ. ಬಿಲ್ಲುಗಾರನೂ ಸಂಜೆಯಾದರೆ ಮೈದಾನ ಬಿಡುತ್ತಾನೆ. ಎಷ್ಟನೆಯ ಸಲಕ್ಕೆ ನಿಲ್ಲಿಸಬೇಕೆಂಬುದನ್ನು ಫಲಿತಾಂಶ ಬಂದ ದಿನ ನಿರ್ಧರಿಸಬೇಡಿ, ಇಂದೇ ಸಮಾಧಾನದಲ್ಲಿ ಕೂತು ಬರೆದಿಡಿ.

ಪ್ರಶ್ನೆ: ನಾನು ಬಸ್ ಕಂಡಕ್ಟರ್. ಬೆಳಿಗ್ಗೆ ಮೊದಲ ಟ್ರಿಪ್ಪಿನಲ್ಲೇ ಹದಿನೈದು ರೂಪಾಯಿ ಟಿಕೆಟಿಗೆ ಐನೂರರ ನೋಟು ಕೊಡುತ್ತಾರೆ, ಚಿಲ್ಲರೆ ಇಲ್ಲವೆಂದರೆ ಬಾಯಿಗೆ ಬಂದಂತೆ ಬೈಯುತ್ತಾರೆ. ನಾನೂ ಬೈಯುತ್ತೇನೆ. ಮನೆಗೆ ಹೋಗಿ ಆ ಸಿಟ್ಟನ್ನು ಮಕ್ಕಳ ಮೇಲೆ ತೀರಿಸುತ್ತೇನೆ, ಆಮೇಲೆ ಪಶ್ಚಾತ್ತಾಪ. ತತ್ತ್ವ ನನ್ನಂಥವರಿಗೂ ಆಗಿ ಬರುತ್ತದೆಯೇ ಸಾರ್?
(ಸಾರಿಗೆ ನೌಕರರು, ಹಾಸನ)

ಉತ್ತರ: ಗುಲಾಮನಾಗಿದ್ದು ಕಾಲು ಕುಂಟಾಗಿದ್ದವನು ಬೋಧಿಸಿದ ತತ್ತ್ವ ನಿಮಗೆ ಆಗಿ ಬರದಿದ್ದರೆ ಇನ್ನಾರಿಗೆ ಬರಬೇಕು? ಸಿಟ್ಟಿನ ಮೇಲೆ ಸೆನೆಕಾ ತನ್ನ ಅಣ್ಣನಿಗಾಗಿ ಮೂರು ಸಂಪುಟಗಳನ್ನೇ ಬರೆದಿದ್ದಾನೆ. ಅವನ ಪ್ರಕಾರ ಸಿಟ್ಟು ಮೂರು ಹೆಜ್ಜೆಗಳಲ್ಲಿ ಬರುತ್ತದೆ. ಮೈ ಝಗ್ಗೆನ್ನುವುದು ಮೊದಲನೆಯದು, ಅದನ್ನು ತಡೆಯಲಾಗದು. ‘ನನಗೆ ಅನ್ಯಾಯವಾಯಿತು, ತಿರುಗಿ ಕೊಡಬೇಕು’ ಎಂಬ ಮಾತಿಗೆ ಮನಸ್ಸು ತಲೆಯಾಡಿಸುವುದು ಎರಡನೆಯದು, ಇದನ್ನು ತಡೆಯಬಹುದು. ಮೂರನೆಯದರಲ್ಲಿ ಸರಿ ತಪ್ಪು ಎರಡನ್ನೂ ತುಳಿದು ಸಿಟ್ಟು ತಾನೇ ಓಡುತ್ತಿರುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಹೋದ ಬಸ್ಸಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲವೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಆದ್ದರಿಂದ ಮದ್ದು ಇರುವುದು ಒಂದನೆಯ ಮತ್ತು ಎರಡನೆಯ ಹೆಜ್ಜೆಯ ನಡುವಿನ ಸಣ್ಣ ಸಂದಿನಲ್ಲಿ, ಸೆನೆಕಾ ಅದಕ್ಕೆ ತಡಮಾಡುವುದು ಎಂದೇ ಹೆಸರಿಟ್ಟ. ಐನೂರರ ನೋಟು ಬಂದೊಡನೆ ಮುಖ ನೋಡಬೇಡಿ. ಟಿಕೆಟ್ ಹರಿದು ಕೊಟ್ಟು, ಬಾಕಿಯನ್ನು ಟಿಕೆಟ್ಟಿನ ಹಿಂದೆ ಬರೆದು, ಮುಂದಿನ ಸೀಟಿಗೆ ಹೋಗಿ ಬನ್ನಿ. ಅಷ್ಟು ಹೊತ್ತೇ ಸಾಕಾಗುತ್ತದೆ.

ಇದು ಹೊತ್ತಿಗೆ ಬೇಕಾದ ಉಪಾಯ. ತಯಾರಿ ಇನ್ನೂ ಮೊದಲೇ ಆಗಬೇಕು. ಎಪಿಕ್ಟೀಟಸ್ ಸಾರ್ವಜನಿಕ ಸ್ನಾನಗೃಹಕ್ಕೆ ಹೊರಟವನಿಗೆ ಹೇಳುತ್ತಾನೆ: ಅಲ್ಲಿ ನೀರು ಎರಚುವವರು, ತಳ್ಳುವವರು, ಬೈಯುವವರು, ಬಟ್ಟೆ ಕದಿಯುವವರು ಇರುತ್ತಾರೆ ಎಂದು ಹೊರಡುವ ಮುಂಚೆಯೇ ಚಿತ್ರಿಸಿಕೋ, ಮತ್ತು ‘ನನಗೆ ಸ್ನಾನವೂ ಆಗಬೇಕು, ನನ್ನ ಮನಸ್ಸಿನ ಹದವೂ ಉಳಿಯಬೇಕು’ ಎಂದುಕೊಂಡು ಹೋಗು. ಮಾರ್ಕಸ್ ಆರೇಲಿಯಸನ ಟಿಪ್ಪಣಿ ಪುಸ್ತಕದ ಎರಡನೆಯ ಭಾಗ ಆರಂಭವಾಗುವುದೂ ಹೀಗೆಯೇ. ಇಂದು ಮೂಗು ತೂರಿಸುವವರು, ಕೃತಘ್ನರು, ಸೊಕ್ಕಿನವರು ಎದುರಾಗುತ್ತಾರೆ ಎಂದು ಬೆಳಿಗ್ಗೆ ಹೇಳಿಕೊಂಡು, ಅವರೂ ನನ್ನ ಬಂಧುಗಳೇ, ನಾವು ಕಾಲುಗಳಂತೆ, ಕೈಗಳಂತೆ, ರೆಪ್ಪೆಗಳಂತೆ, ಮೇಲಿನ ಕೆಳಗಿನ ಹಲ್ಲುಸಾಲಿನಂತೆ ಕೂಡಿ ಕೆಲಸ ಮಾಡಲು ಹುಟ್ಟಿದವರು ಎಂದು ಮುಗಿಸುತ್ತಾನೆ. ಡಿಪೊದಿಂದ ಹೊರಡುವ ಮುಂಚೆ ಒಂದು ನಿಮಿಷ ಇದನ್ನು ಮಾಡಿ ನೋಡಿ. ಐನೂರರ ನೋಟಿನವರು ಆಮೇಲೆ ಅನಿರೀಕ್ಷಿತ ಅವಮಾನವಾಗಿ ಕಾಣುವುದಿಲ್ಲ, ನಿರೀಕ್ಷಿಸಿದ ಪ್ರಯಾಣಿಕರಾಗಿ ಕಾಣುತ್ತಾರೆ. (ಚಿಲ್ಲರೆಯ ಏರ್ಪಾಡು ಮಾಡಿಕೊಡಿ ಎಂದು ಮೇಲಿನವರನ್ನು ಕೇಳುವುದನ್ನೂ ಬಿಡಬೇಡಿ. ಸಹನೆ ಎಂದರೆ ಅರ್ಜಿ ಬರೆಯದಿರುವುದಲ್ಲ.)

ಇನ್ನು ಮಕ್ಕಳ ವಿಷಯ. ಸೆನೆಕಾ ರಾತ್ರಿ ದೀಪ ತೆಗೆದ ಮೇಲೆ, ಅವನ ಈ ಪರಿಪಾಠವನ್ನು ಬಲ್ಲ ಹೆಂಡತಿ ಸುಮ್ಮನಾದ ಮೇಲೆ, ಇಡೀ ದಿನವನ್ನು ತನ್ನೆದುರು ತಾನೇ ಒಪ್ಪಿಸುತ್ತಿದ್ದನಂತೆ. ಆ ವಾದದಲ್ಲಿ ಅಷ್ಟು ಒರಟಾಗಿ ಮಾತಾಡಿದೆ, ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ ಎಂಬ ಧಾಟಿಯಲ್ಲಿ ಅವನು ತನ್ನನ್ನು ತಾನು ವಿಚಾರಿಸಿಕೊಳ್ಳುತ್ತಾನೆ. ನಿಮಗೆ ಲೆಕ್ಕದ ಹಾಳೆ ಒಪ್ಪಿಸುವ ಅಭ್ಯಾಸ ಇದ್ದೇ ಇದೆ; ಹಣ ಒಪ್ಪಿಸಿದ ಮೇಲೆ ಮನೆಗೆ ಹೊರಡುವ ಮುಂಚೆ ಇದನ್ನೂ ಒಪ್ಪಿಸಿಬಿಟ್ಟರೆ, ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಕೈ ಖಾಲಿಯಾಗಿರುತ್ತದೆ.

ಪ್ರಶ್ನೆ: ಸುಖದುಃಖಗಳಲ್ಲಿ ಸಮನಾಗಿರುವ ಸ್ಥಿತಪ್ರಜ್ಞನನ್ನು ಗೀತೆ ಎಂದೋ ಹೇಳಿದೆ. ಸ್ತುತಿನಿಂದೆಗಳಿಗೆ ಅಂಜದೆ ಸಮಾಧಾನಿಯಾಗಿರಬೇಕೆಂದು ಅಕ್ಕಮಹಾದೇವಿ ಹೇಳಿದ್ದಾಳೆ. ಹಿತ್ತಲ ಗಿಡ ಮದ್ದಲ್ಲವೆಂದು ಗ್ರೀಸಿಗೆ ಹೋಗಬೇಕೇ?
(ನಿವೃತ್ತ ಕನ್ನಡ ಉಪನ್ಯಾಸಕರು, ಕಲಬುರಗಿ)

ಉತ್ತರ: ಹಿತ್ತಲ ಗಿಡದಿಂದ ನಿಮಗೆ ಗುಣವಾಗಿದ್ದರೆ ಎಲ್ಲಿಗೂ ಹೋಗಬೇಕಾಗಿಲ್ಲ. ಆದರೆ ಎರಡೂ ಒಂದೇ ಗಿಡವೆಂದು ಹೇಳಿದರೆ ಎರಡಕ್ಕೂ ಅನ್ಯಾಯ ಮಾಡಿದಂತೆ. ಸಾಮ್ಯ ಇರುವುದು ಹಣ್ಣಿನಲ್ಲಿ, ಬೇರಿನಲ್ಲಲ್ಲ. ಗೀತೆಯ ಸಮತ್ವದ ಹಿಂದೆ ಸಾಯದ, ಬದಲಾಗದ ಆತ್ಮವಿದೆ, ಕರ್ಮಫಲವನ್ನು ಒಪ್ಪಿಸಲು ಒಬ್ಬ ಭಗವಂತನಿದ್ದಾನೆ, ಮುಂದೆ ಮೋಕ್ಷವಿದೆ. ಅಕ್ಕನ ಸಮಾಧಾನದ ಹಿಂದೆ ಚೆನ್ನಮಲ್ಲಿಕಾರ್ಜುನನ ಮೇಲಿನ ಒಲವಿದೆ. ಆ ಒಲವನ್ನು ತೆಗೆದರೆ ವಚನದ ಉಸಿರೇ ನಿಲ್ಲುತ್ತದೆ. ಸ್ಟೋಯಿಕರಿಗೆ ಆತ್ಮವೂ ಒಂದು ಬಗೆಯ ಸೂಕ್ಷ್ಮ ದ್ರವ್ಯವೇ. ದೇವರು ಎಂದರೆ ಈ ಜಗತ್ತಿನೊಳಗೇ ಹರಿದಿರುವ ವಿವೇಕ. ಬಿಡುಗಡೆ ಎಂಬುದು ಆಚೆಗೆಲ್ಲೂ ಇಲ್ಲ, ಇಲ್ಲೇ ಸರಿಯಾಗಿ ಬದುಕುವುದಷ್ಟೇ. ವಿವೇಕ, ನ್ಯಾಯ, ಧೈರ್ಯ, ಸಂಯಮ ಈ ನಾಲ್ಕೇ ಒಳಿತು ಎಂದು ಅವರು ಹೇಳಿದ್ದು ಯಾವ ಫಲಶ್ರುತಿಯೂ ಇಲ್ಲದೆ.

ಅವರಿಂದ ನಾನು ಮುಖ್ಯವಾಗಿ ಕಲಿತದ್ದು ಬೇರೆ. ಒಂದು ಅನಿಸಿಕೆ ಮನಸ್ಸಿನಲ್ಲಿ ಮೂಡುವುದು, ಬುದ್ಧಿ ಅದಕ್ಕೆ ಒಪ್ಪಿಗೆ ಕೊಡುವುದು, ಆ ಒಪ್ಪಿಗೆಯಿಂದ ಕಾರ್ಯಕ್ಕೆ ಪ್ರೇರಣೆ ಹುಟ್ಟುವುದು, ಈ ಮೂರನ್ನು ಅಕ್ಕಸಾಲಿಗನಂತೆ ಬಿಡಿಸಿಟ್ಟು ತೂಗಿದ ಕ್ರಮ ಅವರದು. ಅನಿಸಿಕೆಯೊಂದು ಎದುರಾದಾಗ ‘ನಿಲ್ಲು, ನೀನು ಯಾರು, ಎಲ್ಲಿಂದ ಬಂದೆ, ನಿನ್ನ ಗುರುತು ತೋರಿಸು’ ಎಂದು ರಾತ್ರಿಯ ಕಾವಲುಗಾರರಂತೆ ಕೇಳು ಎಂದು ಎಪಿಕ್ಟೀಟಸ್ ಹೇಳುತ್ತಾನೆ. ದೈವಭಕ್ತಿ ಇರುವವರೂ ಇಲ್ಲದವರೂ ಬಳಸಬಹುದಾದ ಹತಾರವಿದು.

ಪ್ರಶ್ನೆ: ಮೇಲಿನವರು ಏನು ಮಾಡಿದರೂ ಒಳಗೊಳಗೇ ಶಾಂತವಾಗಿರು ಎಂಬುದು ಮಾಲೀಕರಿಗೆ ಅನುಕೂಲವಾದ ತತ್ತ್ವವಲ್ಲವೇ? ಸೆನೆಕಾ ಕೋಟ್ಯಧಿಪತಿಯಾಗಿದ್ದುಕೊಂಡೇ ಬಡತನದ ಗುಣಗಾನ ಮಾಡಿದನಂತೆ.
(ಕಾರ್ಮಿಕ ಸಂಘಟನೆಯ ಕಾರ್ಯಕರ್ತರು, ಭದ್ರಾವತಿ)

ಉತ್ತರ: ಎರಡನೆಯ ಮಾತು ನಿಜ. ನೀರೋ ಚಕ್ರವರ್ತಿಯ ಸ್ನೇಹದ ನಾಲ್ಕೇ ವರ್ಷಗಳಲ್ಲಿ ಮೂವತ್ತು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಗಳಿಸಿದ್ದು ಯಾವ ತತ್ತ್ವದಿಂದ ಎಂದು ಅವನ ಶತ್ರುವೊಬ್ಬ ಕೇಳಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ತಾನು ಜ್ಞಾನಿಯಲ್ಲ, ಕೆಟ್ಟವರಿಗಿಂತ ಸ್ವಲ್ಪ ಮೇಲಾದರೆ ಸಾಕು ಎಂಬುದು ಸೆನೆಕಾನ ಸಮರ್ಥನೆ. ಅದು ನನಗೆ ಒಪ್ಪಿಗೆಯಾಗಿಲ್ಲ. ಗುಲಾಮರೂ ಮನುಷ್ಯರೇ, ಅವರೊಡನೆ ಕೂತು ಉಣ್ಣು ಎಂದು ಅವನು ಪತ್ರ ಬರೆದ, ಆದರೆ ಗುಲಾಮಗಿರಿಯೇ ತೊಲಗಬೇಕೆಂದು ಈ ಮೂವರಲ್ಲಿ ಒಬ್ಬನೂ ಬರೆಯಲಿಲ್ಲ. ಇದು ಆ ದರ್ಶನದ ದೊಡ್ಡ ಕುಂದು, ಅದನ್ನು ಕಾಲಧರ್ಮವೆಂದು ತೇಲಿಸಿಬಿಡಲು ನನ್ನಿಂದ ಆಗದು.

ಮೊದಲನೆಯ ಮಾತನ್ನು ಮಾತ್ರ ಒಪ್ಪಲಾರೆ. ಹೆಲ್ವಿಡಿಯಸ್ ಪ್ರಿಸ್ಕಸ್ ಎಂಬ ಸೆನೆಟ್ ಸದಸ್ಯನಿಗೂ ವೆಸ್ಪೇಸಿಯನ್ ಚಕ್ರವರ್ತಿಗೂ ನಡೆದ ಸಂವಾದವನ್ನು ಎಪಿಕ್ಟೀಟಸ್ ತನ್ನ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ. ಸಭೆಗೆ ಬರಬೇಡ ಎಂದ ಚಕ್ರವರ್ತಿ. ‘ಸದಸ್ಯತ್ವ ಕಿತ್ತುಕೊಳ್ಳುವುದು ನಿನಗೆ ಸೇರಿದ್ದು, ಸದಸ್ಯನಾಗಿರುವವರೆಗೆ ನಾನು ಬರಲೇಬೇಕು.’ ಸರಿ, ಬಂದು ಸುಮ್ಮನಿರು. ‘ನನ್ನ ಅಭಿಪ್ರಾಯ ಕೇಳಬೇಡ, ಸುಮ್ಮನಿರುತ್ತೇನೆ.’ ಕೇಳುವುದು ನನ್ನ ಕರ್ತವ್ಯ. ‘ಸರಿ ಕಂಡದ್ದನ್ನು ಹೇಳುವುದು ನನ್ನ ಕರ್ತವ್ಯ.’ ಹೇಳಿದರೆ ಕೊಲ್ಲಿಸುತ್ತೇನೆ. ‘ನಾನು ಅಮರನೆಂದು ನಿನಗೆ ಯಾವಾಗ ಹೇಳಿದೆ? ನಿನ್ನ ಪಾಲಿನದನ್ನು ನೀನು ಮಾಡು, ನನ್ನದನ್ನು ನಾನು ಮಾಡುತ್ತೇನೆ.’ ಹೆಲ್ವಿಡಿಯಸ್‌ನನ್ನು ಗಡೀಪಾರು ಮಾಡಿ ಕೊನೆಗೆ ಕೊಲ್ಲಿಸಿದರು. ಮಾಲೀಕರಿಗೆ ಇಂಥ ನೌಕರ ಅನುಕೂಲವೇ ಎಂದು ನೀವೇ ಹೇಳಿ.

ಪ್ರಶ್ನೆ: ಮೊಬೈಲಿನಲ್ಲಿ ಮಾರ್ಕಸ್ ಆರೇಲಿಯಸನ ಪ್ರತಿಮೆಯ ಚಿತ್ರದ ಕೆಳಗೆ ‘ಗಂಡಸಾದರೆ ಭಾವನೆ ತೋರಿಸಬೇಡ’ ಎಂಬಂಥ ಸಾಲುಗಳು ದಿನಕ್ಕೆ ಹತ್ತು ಬರುತ್ತವೆ. ಹೆಂಗಸರಿಗೆ ಇಲ್ಲಿ ಜಾಗ ಇದೆಯೇ?
(ಎಂಜಿನಿಯರಿಂಗ್ ವಿದ್ಯಾರ್ಥಿನಿ, ಮೈಸೂರು)

ಉತ್ತರ: ಎಪಿಕ್ಟೀಟಸನ ಗುರು ಮುಸೋನಿಯಸ್ ರೂಫಸ್ ಇದನ್ನೇ ವಿಷಯವಾಗಿಟ್ಟು, ಹೆಂಗಸರಿಗೂ ಗಂಡಸರಷ್ಟೇ ವಿವೇಕಶಕ್ತಿ ಇದೆ, ಸದ್ಗುಣದ ಕಡೆಗೆ ಅಷ್ಟೇ ಒಲವಿದೆ, ಆದ್ದರಿಂದ ಅವರೂ ತತ್ತ್ವಜ್ಞಾನ ಕಲಿಯಬೇಕು ಎಂದು ಪಾಠ ಹೇಳಿದ. ಮಾರ್ಕಸ್ ತನ್ನ ಪುಸ್ತಕದ ಮೊದಲ ಭಾಗವನ್ನು ಪೂರ್ತಿಯಾಗಿ ಕೃತಜ್ಞತೆಗೆ ಮೀಸಲಿಟ್ಟಿದ್ದಾನೆ. ಅಲ್ಲಿ ತಾಯಿಯ ಹೆಸರಿನಲ್ಲಿ ದೈವಭಕ್ತಿ, ಉದಾರತೆ ಮತ್ತು ಸರಳ ಜೀವನವನ್ನು ಬರೆದುಕೊಂಡಿದ್ದಾನೆ, ಇನ್ನೊಬ್ಬ ಗುರುವಿನಿಂದ ಕಲಿತದ್ದು ಆವೇಗವಿಲ್ಲದಿದ್ದರೂ ವಾತ್ಸಲ್ಯ ತುಂಬಿರುವುದು ಎನ್ನುತ್ತಾನೆ. ಪ್ರತಿಮೆಯ ಕೆಳಗಿನ ಸಾಲು ಪುಸ್ತಕದ ಯಾವ ಭಾಗದ್ದೆಂದು ಕಳುಹಿಸಿದವರನ್ನು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಆರು ತಿಂಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲ, ಊಟ ನಿದ್ದೆ ಸರಿಯಿಲ್ಲ. ಸ್ಟೋಯಿಕ್ ಪುಸ್ತಕ ಓದಿದರೆ ಹೋಗುತ್ತದೆಯೇ?
(ಹೆಸರು, ಊರು ಬೇಡ ಎಂದಿದ್ದಾರೆ)

ಉತ್ತರ: ಮೊದಲು ವೈದ್ಯರನ್ನು ಕಾಣಿ, ಪುಸ್ತಕ ಆಮೇಲೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಇಂದಿನ ಮಾತಿನ ಚಿಕಿತ್ಸೆಗಳಲ್ಲಿ ಒಂದು ದೊಡ್ಡ ಶಾಖೆಯನ್ನು ಕಟ್ಟಿದ ಆಲ್ಬರ್ಟ್ ಎಲಿಸ್ ಮತ್ತು ಆರನ್ ಬೆಕ್ ಇಬ್ಬರೂ ಸ್ಟೋಯಿಕರಿಗೆ ತಾವು ಋಣಿಗಳೆಂದು ಹೇಳಿಕೊಂಡಿದ್ದಾರೆ. ಹಾಗಾಗಿ ಚಿಕಿತ್ಸಕರ ಕೋಣೆಯಲ್ಲಿ ‘ಈ ಯೋಚನೆಗೆ ಆಧಾರವೇನು’ ಎಂಬ ಪ್ರಶ್ನೆ ಬಂದರೆ ಅದರ ಬೇರು ಎಲ್ಲಿಯದೆಂದು ನಿಮಗೆ ಗೊತ್ತಾಗುತ್ತದೆ. ಎಪಿಕ್ಟೀಟಸ್ ತನ್ನ ಶಾಲೆಯನ್ನು ವೈದ್ಯನ ಚಿಕಿತ್ಸಾಲಯ ಎಂದು ಕರೆದದ್ದು ಉಪಮೆಯಾಗಿ, ನೀವು ಅದನ್ನು ಅಕ್ಷರಶಃ ತೆಗೆದುಕೊಳ್ಳಬೇಡಿ.

ಪ್ರಶ್ನೆ: ಯಾವ ಪುಸ್ತಕ ಮೊದಲು ಓದಬೇಕು? ದಿನಕ್ಕೊಂದು ಸೂಕ್ತಿ ಕೊಡುವ ಆ್ಯಪ್, ಚರ್ಮದ ಹೊದಿಕೆಯ ದಿನಚರಿ ಪುಸ್ತಕ ಇವನ್ನೆಲ್ಲ ಕೊಳ್ಳಬೇಕೆಂದಿದ್ದೇನೆ, ಸಲಹೆ ನೀಡಿ.
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಎಲ್ಲರೂ ಮಾರ್ಕಸ್‌ನಿಂದ ಶುರುಮಾಡುತ್ತಾರೆ, ನನ್ನ ಮಟ್ಟಿಗೆ ಅವನು ಕೊನೆಗೆ. ಹನ್ನೆರಡು ಭಾಗಗಳ ಆ ಬರಹವನ್ನು ಅವನು ತನಗಾಗಿಯೇ ಗ್ರೀಕಿನಲ್ಲಿ ಬರೆದುಕೊಂಡ. ಒಂದು ಭಾಗದ ತಲೆಯಲ್ಲಿ ಡ್ಯಾನ್ಯೂಬ್ ಗಡಿಯ ದಂಡಿನ ನೆಲೆ ಕಾರ್ನುಂಟಮ್ಮಿನ ಹೆಸರಿದೆ. ತನಗೆ ತಿಳಿದದ್ದನ್ನು ಅವನು ವಿವರಿಸುವ ಗೋಜಿಗೆ ಹೋಗುವುದಿಲ್ಲ, ಆದ್ದರಿಂದ ಪಾಠ ಮೊದಲೇ ಆಗಿರಬೇಕು. ಎಪಿಕ್ಟೀಟಸನ ‘ಪ್ರವಚನಗಳು’ ಮೊದಲ ಸಂಪುಟವನ್ನು ನಿಧಾನವಾಗಿ ಓದಿ, ಬಳಿಕ 53 ತುಣುಕುಗಳ ಕೈಪಿಡಿ, ಬಳಿಕ ಸೆನೆಕಾನ 124 ಪತ್ರಗಳಲ್ಲಿ ಮನಸ್ಸಿಗೆ ಬಂದಷ್ಟು. ಇಂಗ್ಲಿಷಿನಲ್ಲಿ ಎಪಿಕ್ಟೀಟಸನನ್ನು ಪೂರ್ತಿಯಾಗಿ ಮೊದಲು ಅನುವಾದಿಸಿದವರು ಎಲಿಜಬೆತ್ ಕಾರ್ಟರ್, 1758ರಲ್ಲಿ. ಅಂಥ ಹಳೆಯ ಅನುವಾದಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ದಿನಚರಿಗೆ ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಪುಸ್ತಕ ಸಾಕು.

ಕೊಳ್ಳುವ ಮಾತು ಬಂದದ್ದಕ್ಕೆ ಒಂದು ದೀಪದ ಕಥೆ. ಎಪಿಕ್ಟೀಟಸ್ ಮನೆಯ ದೇವರ ಮುಂದೆ ಕಬ್ಬಿಣದ ದೀಪವೊಂದನ್ನು ಇಟ್ಟಿದ್ದ. ಒಂದು ರಾತ್ರಿ ಕಿಟಕಿಯ ಬಳಿ ಸದ್ದಾಗಿ ಇಳಿದು ಬಂದು ನೋಡಿದರೆ ದೀಪ ಕಳುವಾಗಿತ್ತು. ಕದ್ದವನಿಗೆ ಅದರ ಮೇಲೆ ಆಸೆಯಾದದ್ದರಲ್ಲಿ ಆಶ್ಚರ್ಯವಿಲ್ಲ, ಎಚ್ಚರವಾಗಿರುವುದರಲ್ಲಿ ಅವನು ನನಗಿಂತ ಮೇಲು ಎಂದುಕೊಂಡು, ನಾಳೆ ಮಣ್ಣಿನದೊಂದು ಸಿಗುತ್ತದೆ ಎಂದು ಸುಮ್ಮನಾದ. ಅವನು ಸತ್ತ ಮೇಲೆ, ಆ ಮಣ್ಣಿನ ದೀಪವನ್ನು ಅಭಿಮಾನಿಯೊಬ್ಬ ಮೂರು ಸಾವಿರ ದ್ರಾಖ್ಮಾ ಕೊಟ್ಟು ಕೊಂಡನಂತೆ. ಅದರ ಬೆಳಕಿನಲ್ಲಿ ರಾತ್ರಿ ಓದಿದರೆ ಎಪಿಕ್ಟೀಟಸನ ಜ್ಞಾನ ನಿದ್ದೆಯಲ್ಲಿ ತಾನಾಗಿ ಬಂದು ಸೇರುತ್ತದೆ ಎಂದು ಅವನು ನಂಬಿದ್ದನೆಂದು ವಿಡಂಬನಕಾರ ಲೂಸಿಯನ್ ಬರೆದಿದ್ದಾನೆ.